ಮಹಾಮಾತೆ ದಾನಚಿಂತಾಮಣಿ ಅತ್ತಿಮಬ್ಬೆ

ಕರ್ನಾಟಕದ ಜೈನ ಶ್ರಾವಿಕೆಯರ ಚರಿತ್ರೆಯಲ್ಲಿ ಅತ್ತಿಮಬ್ಬೆಯ ಹೆಸರು ಪ್ರಾತಃಸ್ಮರಣೀಯವಾದುದು. ರಾಣಿಯಾಗಿ ಸಿಂಹಾಸನವೇರದೆ, ಕಾವ್ಯವನ್ನು ರಚಿಸದೆ, ಕೇವಲ ಶೀಲ, ದಾನ ಮತ್ತು ಜಿನಭಕ್ತಿಗಳಿಂದ ಸಾವಿರ ವರ್ಷಗಳ ಕಾಲ ಜನಮನದಲ್ಲಿ ನೆಲೆನಿಂತ ಮಹಾತಾಯಿ ಆಕೆ. ಬಸದಿಯ ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಆ ತಾಯಿಯ ಸ್ಮರಣೆಯು ಸರ್ವಥಾ ಉಚಿತವಾಗಿದೆ.

ಅತ್ತಿಮಬ್ಬೆಯ ಪೂರ್ವಿಕರು ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನವರು. ಅಜ್ಜ ನಾಗಮಯ್ಯ ಜಿನಭಕ್ತನೆಂದು ಹೆಸರಾದವನು. ಆತನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಈ ಸಹೋದರರು ಖಡ್ಗವನ್ನು ಹಿಡಿದಷ್ಟೇ ಶ್ರದ್ಧೆಯಿಂದ ಶಾಸ್ತ್ರವನ್ನೂ ಆರಾಧಿಸಿದರು. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣೆಗಾಗಿ ಅವರು ಮಹಾಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಈ ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಮನೆಯಲ್ಲಿ ಕವಿಗಳಿಗೆ ಸಲ್ಲುತ್ತಿದ್ದ ಗೌರವವನ್ನೂ ಗುರುಗಳಿಗೆ ನಡೆಯುತ್ತಿದ್ದ ಸೇವೆಯನ್ನೂ ಬಾಲ್ಯದಿಂದಲೇ ಕಂಡು ಬೆಳೆದ ಮಗಳಿಗೆ ಅವೇ ಮೊದಲ ಪಾಠಗಳಾದವು.

ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರಿಂದ ರಾಜ್ಯವನ್ನು ಮರಳಿ ಪಡೆದನು. ಆತನ ಮಂತ್ರಿಯಾಗಿದ್ದ ದಲ್ಲಪನ ಮಗ ನಾಗದೇವನು ಪರಾಕ್ರಮಿಯಾದ ಸೇನಾನಿ. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಈ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. ಅಕ್ಕತಂಗಿಯರು ಒಂದೇ ಮನೆಯಲ್ಲಿ ಮತ್ಸರವಿಲ್ಲದೆ ಬಾಳಿದರು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಪುತ್ರನು ಜನಿಸಿದನು.

ಆದರೆ ಈ ಸುಖ ಬಹುಕಾಲ ಉಳಿಯಲಿಲ್ಲ. ನಾಗದೇವನು ರಣರಂಗದಲ್ಲಿ ಮಡಿದನು. ಗುಂಡಮಬ್ಬೆಯು ಅಂದಿನ ರೂಢಿಯಂತೆ ಪತಿಯೊಡನೆ ಸಹಗಮನ ಮಾಡಿದಳು. ಒಂದೇ ಸಲಕ್ಕೆ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ದುಃಖಕ್ಕೆ ಎಣೆಯುಂಟೆ? ಆದರೂ ಆಕೆ ಚಿತೆಯ ದಾರಿಯನ್ನು ಹಿಡಿಯಲಿಲ್ಲ. ತಂದೆಯಿಲ್ಲದ ಬಾಲಕನನ್ನು ಬೆಳೆಸುವ ಹೊಣೆ ಆಕೆಯ ಮುಂದಿತ್ತು. ಬದುಕಿ ಕರ್ತವ್ಯವನ್ನು ನೆರವೇರಿಸುವುದು, ವ್ರತನಿಯಮಗಳಿಂದ ದೇಹವನ್ನು ದಂಡಿಸಿ ಕರ್ಮವನ್ನು ಸವೆಸುವುದು, ಇದೇ ಜಿನಮಾರ್ಗವೆಂದು ಆಕೆ ನಿಶ್ಚಯಿಸಿದಳು. ಸಾಯುವುದಕ್ಕಿಂತ ಬದುಕುವುದೇ ಕಠಿಣವಾಗಿದ್ದ ಗಳಿಗೆಯಲ್ಲಿ ಬದುಕನ್ನು ಆರಿಸಿಕೊಂಡುದು ಆಕೆಯ ಹಿರಿಮೆ. ಅಂದು ಆಕೆ ಹಾಗೆ ನಿಶ್ಚಯಿಸದಿದ್ದರೆ ಮುಂದಿನ ಧರ್ಮಕಾರ್ಯಗಳಲ್ಲಿ ಒಂದೂ ನಡೆಯುತ್ತಿರಲಿಲ್ಲ.

ತಾಯಿಯ ಪೋಷಣೆಯಲ್ಲಿ ಬೆಳೆದ ಅಣ್ಣಿಗದೇವನು ಪಡೆವಳ ತೈಲನೆಂಬ ಹೆಸರಿನಿಂದ ಪ್ರಸಿದ್ಧನಾಗಿ ಮಾಸವಾಡಿ ನಾಡನ್ನು ಆಳಿದನು. ಮಗನು ಅಧಿಕಾರಕ್ಕೆ ಬಂದ ಮೇಲೆಯೂ ತಾಯಿಯು ಭೋಗದ ಕಡೆಗೆ ತಿರುಗಲಿಲ್ಲ. ಮನೆತನದ ಸಂಪತ್ತೆಲ್ಲವೂ ಧರ್ಮಕ್ಕೆ ಸೇರಿದ್ದೆಂದೇ ಆಕೆಯ ಭಾವನೆಯಾಗಿತ್ತು.

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಆಕೆ ತೋರಿದ ದಾರಿ ಅಪೂರ್ವವಾದುದು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲವದು. ಓಲೆಗರಿಗಳನ್ನು ಹದಗೊಳಿಸಬೇಕು, ಲಿಪಿಕಾರನು ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು, ಮಸಿ ಸವರಿ, ಹಲಗೆಯಿಟ್ಟು, ದಾರದಿಂದ ಕಟ್ಟಬೇಕು. ಒಂದು ಪ್ರತಿಗೇ ಬಹುದಿನಗಳ ದುಡಿಮೆ ಬೇಕಾದರೆ ಸಾವಿರ ಪ್ರತಿಗಳಿಗೆ ಎಷ್ಟು ಲಿಪಿಕಾರರು, ಎಷ್ಟು ಧನ, ಎಷ್ಟು ತಾಳ್ಮೆ ಬೇಕಾಯಿತೆಂಬುದನ್ನು ವಾಚಕರೇ ಊಹಿಸಬಹುದು. ಇದಲ್ಲದೆ ಚಿನ್ನದಿಂದಲೂ ರತ್ನಗಳಿಂದಲೂ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧಿಯಿದೆ.

ಕವಿಚಕ್ರವರ್ತಿ ರನ್ನನಿಗೆ ಆಶ್ರಯವಿತ್ತವಳೂ ಈಕೆಯೇ. ರನ್ನನು ಮುಧೋಳದ ಬಳೆಗಾರ ಕುಲದವನು. ವಿದ್ಯೆಯನ್ನರಸಿ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಪ್ರೋತ್ಸಾಹವನ್ನು ಪಡೆದವನು. ಬಳೆ ಮಾರುವ ಮನೆಯ ಮಗನಲ್ಲಿ ಮಹಾಕವಿಯನ್ನು ಕಂಡು ಗೌರವಿಸಿದುದು ಆಕೆಯ ಗುಣಗ್ರಾಹಿತ್ವಕ್ಕೆ ಸಾಕ್ಷಿ. ಆಕೆಯ ಪ್ರೇರಣೆಯಿಂದ ರನ್ನನು 993ರಲ್ಲಿ ಎರಡನೆಯ ತೀರ್ಥಂಕರರ ಚರಿತೆಯಾದ ಅಜಿತಪುರಾಣವನ್ನು ರಚಿಸಿದನು. ಕವಿಯ ಕೃತಜ್ಞತೆ ಕಾವ್ಯದಲ್ಲಿಯೇ ಮುಗಿಯಲಿಲ್ಲ. ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ಆಕೆಯ ಭಕ್ತಿಯ ಬಗೆಗೆ ಅನೇಕ ಪ್ರತೀತಿಗಳುಂಟು. ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ದರ್ಶನವಾಗುವವರೆಗೆ ಅನ್ನವನ್ನು ತ್ಯಜಿಸಿ ಬೆಟ್ಟವನ್ನೇರಿದಾಗ ಅಕಾಲದಲ್ಲಿ ಮಳೆ ಸುರಿದು ಆಕೆಯ ಬಳಲಿಕೆ ತಣಿಯಿತೆಂದೂ, ಜಿನಬಿಂಬವನ್ನು ತಲೆಯ ಮೇಲೆ ಹೊತ್ತು ನಿಂತಾಗ ಉಕ್ಕಿದ ಗೋದಾವರಿಯ ಪ್ರವಾಹ ಶಾಂತವಾಯಿತೆಂದೂ ಹಿಂದಿನಿಂದ ಹೇಳಿಕೊಂಡು ಬಂದಿದೆ. ಜನರು ಆಕೆಯಲ್ಲಿ ಇರಿಸಿದ್ದ ಪೂಜ್ಯಭಾವ ಎಂತಹುದೆಂಬುದಕ್ಕೆ ಇವೇ ನಿದರ್ಶನಗಳು.

ಆಕೆಯ ಬಾಳಿನ ಕಳಶಪ್ರಾಯವಾದ ಕಾರ್ಯವೆಂದರೆ ಲಕ್ಕುಂಡಿಯ ಬ್ರಹ್ಮಜಿನಾಲಯ. ಲೊಕ್ಕಿಗುಂಡಿಯೆಂದು ಆಗ ಹೆಸರಾಗಿದ್ದ, ಗದಗಿಗೆ ಸಮೀಪದ ಈ ಊರಿನ 1007ರ ಶಾಸನವು ಇರಿವಬೆಡಂಗ ಸತ್ಯಾಶ್ರಯನ ಆಳಿಕೆಯಲ್ಲಿ ಆಕೆ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ನಯವಾದ ಬಳಪದ ಕಲ್ಲಿನಲ್ಲಿ ನಿರ್ಮಿತವಾದ ಈ ಜಿನಾಲಯವು ಚಾಲುಕ್ಯ ಶಿಲ್ಪದ ಹೊಸ ದಾರಿಗೆ ಮೊದಲ ಹೆಜ್ಜೆಗಳಲ್ಲೊಂದು. ಚತುರ್ಮುಖ ಬ್ರಹ್ಮನ ಹಾಗೂ ಪದ್ಮಾವತಿಯ ಮೂರ್ತಿಗಳನ್ನು ಇಂದಿಗೂ ಅಲ್ಲಿ ನೋಡಬಹುದು. 2007ರಲ್ಲಿ ಆ ಶಾಸನಕ್ಕೆ ಸಾವಿರ ವರ್ಷ ತುಂಬಿತು. ಬಸದಿ ಇನ್ನೂ ನಿಂತಿದೆ.

ದಾನಚಿಂತಾಮಣಿ, ಕವಿವರಕಾಮಧೇನು, ಜೈನಶಾಸನರಕ್ಷಾಮಣಿ ಮುಂತಾದ ಬಿರುದುಗಳು ಆಕೆಗೆ ಸಂದವು. ಮುಂದಿನ ಕಾಲದ ಶಾಸನಗಳಲ್ಲಿ ಧರ್ಮನಿಷ್ಠೆಯುಳ್ಳ ಸ್ತ್ರೀಯನ್ನು ಹೊಗಳಬೇಕಾದಾಗ ಅತ್ತಿಮಬ್ಬೆಗೆ ಹೋಲಿಸುವುದು ವಾಡಿಕೆಯಾಯಿತು. ಕರ್ನಾಟಕ ಸರ್ಕಾರವು ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿ ಮಹಿಳೆಯರನ್ನು ಗೌರವಿಸಿದೆ.

ಸಂಪತ್ತು ಚಂಚಲವಾದುದು. ಆಕೆಯ ಕಾಲದ ಅರಮನೆಗಳು ಅಳಿದವು, ಬೊಕ್ಕಸಗಳು ಬರಿದಾದವು. ಆಕೆ ಕೊಟ್ಟದ್ದು ಮಾತ್ರ ಉಳಿಯಿತು. ಬಸದಿಯನ್ನು ಕಟ್ಟಿದ ಕೈಗಳೇ ಗ್ರಂಥವನ್ನೂ ಕಾಪಾಡಬೇಕು, ಬಡ ವಿದ್ಯಾವಂತನನ್ನೂ ಎತ್ತಿಹಿಡಿಯಬೇಕು, ಮನೆಯ ಮಕ್ಕಳಿಗೂ ಸಂಸ್ಕಾರವನ್ನು ಕೊಡಬೇಕು ಎಂಬುದನ್ನು ಆ ಮಹಾಮಾತೆ ನಡೆದು ತೋರಿಸಿದಳು. ನೂತನ ಜಿನಬಿಂಬದ ಮುಂದೆ ಕೈಮುಗಿದು ನಿಲ್ಲುವ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯ ಹೃದಯದಲ್ಲಿಯೂ ಆ ತಾಯಿಯ ಆದರ್ಶವು ಪ್ರತಿಷ್ಠೆಗೊಳ್ಳಲಿ.