ಜಿಮ್ಮಿ ಸ್ಯಾವಿಲ್: ಸತ್ತ ಮೇಲೆ ಬಂದ 450 ಜನರ ದೂರು

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಜಿಮ್ಮಿ ಸ್ಯಾವಿಲ್ ಗೊತ್ತಿಲ್ಲದ ಮನೆ ಇರಲಿಲ್ಲ. 1926ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿದ. ಏಳು ಮಕ್ಕಳಲ್ಲಿ ಕೊನೆಯವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದ. ಆಮೇಲೆ ಡ್ಯಾನ್ಸ್ ಹಾಲ್‌ಗಳಲ್ಲಿ ಹಾಡಿನ ಪ್ಲೇಟು ಹಾಕ್ತಾ ಹೆಸರು ಮಾಡಿದ.

1964ರಲ್ಲಿ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಶುರುವಾದಾಗ ಮೊದಲ ಕಂತಿನ ನಿರೂಪಕ ಇವನೇ. 1975ರಿಂದ 1994ರವರೆಗೆ ಇನ್ನೊಂದು ಕಾರ್ಯಕ್ರಮ ನಡೆಸಿದ. ಮಕ್ಕಳು ಪತ್ರ ಬರೆದು ಆಸೆ ಹೇಳ್ಕೊಳ್ಳೋದು, ಈತ ಈಡೇರಿಸೋದು. ಆಸ್ಪತ್ರೆಗಳಿಗೆ ದೊಡ್ಡ ಮೊತ್ತದ ದೇಣಿಗೆ ಎತ್ತಿಕೊಟ್ಟ. ಆಸ್ಪತ್ರೆ ವಾರ್ಡುಗಳಲ್ಲಿ ಅವನನ್ನು ತಡೆಯೋರೇ ಇರಲಿಲ್ಲ. 1990ರಲ್ಲಿ ‘ಸರ್’ ಪದವಿಯೂ ಬಂತು.

2011ರ ಅಕ್ಟೋಬರ್ 29ರಂದು, 84ನೇ ವಯಸ್ಸಿನಲ್ಲಿ ಸತ್ತ. ಲೀಡ್ಸ್‌ನಲ್ಲಿ ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು.

ಒಂದು ವರ್ಷ ಕಳೆಯುವಷ್ಟರಲ್ಲಿ ಐಟಿವಿ ವಾಹಿನಿಯಲ್ಲಿ ಕೆಲವು ಮಹಿಳೆಯರು ಬಾಯಿಬಿಟ್ಟರು. ಚಿಕ್ಕವರಿದ್ದಾಗ ಈತ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ಅಂದರು. ಅಲ್ಲಿಂದ ದೂರುಗಳು ಸಾಲುಸಾಲಾಗಿ ಬಂದವು. 2013ರ ಜನವರಿ ವರದಿ ಹೊತ್ತಿಗೆ 450 ಜನ. ಪೊಲೀಸರು ದಾಖಲಿಸಿದ ಅಪರಾಧ 214. 1955ರಿಂದ 2009ರವರೆಗೆ, ಟಿವಿ ಸ್ಟುಡಿಯೋ, ಆಸ್ಪತ್ರೆ, ಶಾಲೆಗಳಲ್ಲಿ ನಡೆದದ್ದು. ಹೆಚ್ಚಿನವರು ಆಗ 18 ತುಂಬದವರು.

ಹಾಗಾದ್ರೆ ಇಷ್ಟು ದಿನ ಯಾಕೆ ಸುಮ್ಮನಿದ್ರು? ಎಲ್ಲರೂ ಸುಮ್ಮನಿರಲಿಲ್ಲ. 2007ರಲ್ಲೇ ಸರ್ರೆ ಪೊಲೀಸರು ತನಿಖೆ ಶುರು ಮಾಡಿದ್ದರು, 2009ರಲ್ಲಿ ಅವನನ್ನು ವಿಚಾರಣೆಯೂ ಮಾಡಿದ್ದರು. ಆದರೆ ನಿಮ್ಮ ಹಾಗೇ ಬೇರೆಯವರೂ ದೂರು ಕೊಟ್ಟಿದ್ದಾರೆ ಅಂತ ಆ ಮಹಿಳೆಯರಿಗೆ ಹೇಳಲಿಲ್ಲ. ಒಬ್ಬೊಬ್ಬರೂ ತಾನೊಬ್ಬಳೇ ಅಂದುಕೊಂಡು ಹಿಂದೆ ಸರಿದರು. ಕೇಸು ಕೋರ್ಟಿಗೆ ಹೋಗಲೇ ಇಲ್ಲ.

ಇಂಗ್ಲೆಂಡಿನಲ್ಲಿ ಇಂಥ ಗಂಭೀರ ಅಪರಾಧಕ್ಕೆ ಕಾಲಮಿತಿ ಇಲ್ಲ. ಸ್ಯಾವಿಲ್ ನಂತರದ ತನಿಖೆಯಲ್ಲಿ ಸಿಕ್ಕಿಬಿದ್ದ ಟಿವಿ ತಾರೆ ರೋಲ್ಫ್ ಹ್ಯಾರಿಸ್, ದಶಕಗಳ ಹಿಂದಿನ ಕೃತ್ಯಕ್ಕೆ 2014ರಲ್ಲಿ ಜೈಲಿಗೆ ಹೋದ. ಆದರೆ ಸತ್ತವನ ಮೇಲೆ ವಿಚಾರಣೆ ನಡೆಯಲ್ಲ.

ನಮ್ಮಲ್ಲೂ ಅತ್ಯಾಚಾರದಂಥ, ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ಕಾಲಮಿತಿ ಇಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸಮಿತಿಗೆ ದೂರು ಕೊಡೋಕೆ ಮಾತ್ರ ಮೂರು ತಿಂಗಳು; ಕಾರಣ ಸರಿಯಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ಸ್ಯಾವಿಲ್ ಒಂದು ದಿನವೂ ಕಟಕಟೆ ಹತ್ತಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಅವನ ಸಮಾಧಿ ಕಲ್ಲನ್ನು ಕಿತ್ತು ಹಾಕಿದರು. ಆ ಹೆಣ್ಣುಮಕ್ಕಳಿಗೆ ಬೇಕಿದ್ದದ್ದು ಅದಲ್ಲ, ಅವನು ಬದುಕಿದ್ದಾಗ ತಮ್ಮ ಮಾತು ಕೇಳೋ ಒಬ್ಬರು.