ಪ್ರವಾಸಿಯಾಗಿ ಬಂದು ಕಾವಲಿಗೆ ನಿಂತ ಡಯಾನ್ ಫಾಸಿ

ಆಫ್ರಿಕಾದ ಪುಟ್ಟ ದೇಶ ರುವಾಂಡದಲ್ಲಿ ಪರ್ವತ ಗೊರಿಲ್ಲಾಗಳನ್ನು ನೋಡಬಯಸುವ ವಿದೇಶಿ ಪ್ರವಾಸಿ 1500 ಡಾಲರ್ ಶುಲ್ಕ ಕಟ್ಟಬೇಕು. ಅಷ್ಟು ಹಣ ಕೊಟ್ಟರೂ ಗೊರಿಲ್ಲಾಗಳ ಎದುರು ಇರಲು ಸಿಗುವುದು ಒಂದೇ ಗಂಟೆ. ಒಂದು ಗೊರಿಲ್ಲಾ ಕುಟುಂಬದ ಬಳಿಗೆ ದಿನಕ್ಕೆ ಎಂಟು ಪ್ರವಾಸಿಗರಿಗಿಂತ ಹೆಚ್ಚು ಜನರನ್ನು ಬಿಡುವುದಿಲ್ಲ. 15 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ನೆಗಡಿ, ಕೆಮ್ಮು ಇದ್ದವರು ಬೆಟ್ಟ ಹತ್ತುವಂತಿಲ್ಲ. ಇಷ್ಟೊಂದು ಕಟ್ಟುಪಾಡುಗಳಿದ್ದರೂ ಜಗತ್ತಿನ ಮೂಲೆ ಮೂಲೆಗಳಿಂದ ಜನ ಅಲ್ಲಿಗೆ ಹೋಗುತ್ತಲೇ ಇದ್ದಾರೆ.

ಆ ಗೊರಿಲ್ಲಾಗಳನ್ನು ಜಗತ್ತಿಗೆ ಪರಿಚಯಿಸಿದವರು ಡಯಾನ್ ಫಾಸಿ. ಅವರು ಮೊದಲು ಆಫ್ರಿಕಾಕ್ಕೆ ಬಂದದ್ದು ರಜೆಯ ಪ್ರವಾಸಿಯಾಗಿ. ಕೊನೆಗೆ ಪ್ರವಾಸಿಗರು ಆ ಬೆಟ್ಟಕ್ಕೆ ಬರುವುದನ್ನೇ ವಿರೋಧಿಸಿದರು. ಹಾಗಾದರೆ ಅವರು ಗೆದ್ದರೇ, ಸೋತರೇ? ಅವರ ಬದುಕನ್ನು ಓದಿದವರಿಗೆ ಈ ಪ್ರಶ್ನೆಗೆ ಸುಲಭದ ಉತ್ತರ ಸಿಗುವುದಿಲ್ಲ.

ಡಯಾನ್ ಹುಟ್ಟಿದ್ದು 1932ರ ಜನವರಿ 16ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ಬೇರೆಯಾದರು. ಮಲತಂದೆ ಬಹಳ ಕಟ್ಟುನಿಟ್ಟಿನ ಮನುಷ್ಯ. ಒಂಟಿಯಾಗಿ ಬೆಳೆದ ಹುಡುಗಿಗೆ ಪ್ರಾಣಿಗಳೆಂದರೆ, ಅದರಲ್ಲೂ ಕುದುರೆಗಳೆಂದರೆ ಪಂಚಪ್ರಾಣ. ಪಶುವೈದ್ಯೆಯಾಗಬೇಕೆಂದು ಕಾಲೇಜು ಸೇರಿದರು. ಆದರೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಅನುತ್ತೀರ್ಣರಾದರು. ವಿಜ್ಞಾನ ವಿಭಾಗದ ಗೆಳೆಯರು ಈ ಮಾತನ್ನು ಗಮನಿಸಬೇಕು. ಆ ದಾರಿ ಮುಚ್ಚಿದಾಗ ಅವರು ಆಕ್ಯುಪೇಷನಲ್ ಥೆರಪಿ ಓದಿ 1954ರಲ್ಲಿ ಪದವಿ ಪಡೆದರು. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಆಸ್ಪತ್ರೆಯೊಂದರಲ್ಲಿ ಅಂಗವಿಕಲ ಮಕ್ಕಳ ಸೇವೆಗೆ ಸೇರಿದರು. ಮಾತು ಕಡಿಮೆ ಆಡುವ ಮಕ್ಕಳ ಮುಂದೆ ಸಹನೆಯಿಂದ ಕುಳಿತು, ಅವರು ತಾವಾಗಿ ಹತ್ತಿರ ಬರುವವರೆಗೆ ಕಾಯುವುದನ್ನು ಕಲಿತದ್ದು ಇಲ್ಲಿಯೇ. ಮುಂದೆ ಕಾಡಿನಲ್ಲಿ ಈ ಸಹನೆಯೇ ಅವರ ಕೈ ಹಿಡಿಯಿತು.

ಆಫ್ರಿಕಾ ನೋಡಬೇಕೆಂಬುದು ಅವರ ಬಹುದಿನದ ಆಸೆ. 1963ರಲ್ಲಿ ಉಳಿತಾಯದ ಹಣಕ್ಕೆ ಬ್ಯಾಂಕ್ ಸಾಲವನ್ನೂ ಸೇರಿಸಿ ಏಳು ವಾರಗಳ ಪ್ರವಾಸ ಹೊರಟರು. ಮಾರ್ಗದರ್ಶಿಯೊಬ್ಬನನ್ನು ಗೊತ್ತುಮಾಡಿಕೊಂಡು ಕೀನ್ಯಾ, ಟಾಂಗನಿಕಾಗಳನ್ನು ಸುತ್ತಿದರು. ಓಲ್ಡುವಾಯ್ ಕಣಿವೆಯಲ್ಲಿ ಮನುಷ್ಯನ ಪೂರ್ವಜರ ಪಳೆಯುಳಿಕೆಗಳನ್ನು ಹುಡುಕುತ್ತಿದ್ದ ಖ್ಯಾತ ವಿಜ್ಞಾನಿ ಲೂಯಿ ಲೀಕಿ ಅವರನ್ನು ಭೇಟಿಯಾದರು. ಅಲ್ಲಿ ಅಗೆತದ ಗುಂಡಿಗೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಆ ನೋವಿನಲ್ಲೇ ಕಾಂಗೋ ದೇಶದ ಮಿಕೇನೊ ಪರ್ವತ ಹತ್ತಿ ಕಬಾರಾ ಎಂಬ ಹುಲ್ಲುಗಾವಲಿಗೆ ತಲುಪಿದರು. ಅಲ್ಲಿ ಮೊದಲ ಬಾರಿಗೆ ಪರ್ವತ ಗೊರಿಲ್ಲಾಗಳನ್ನು ಕಂಡರು.

ಪ್ರವಾಸ ಮುಗಿಯಿತು. ಊರಿಗೆ ಮರಳಿ ಹಳೆಯ ಕೆಲಸಕ್ಕೆ ಹಾಜರಾದರು. ಸಾಲ ತೀರಿಸಬೇಕಿತ್ತು. ಸ್ಥಳೀಯ ಪತ್ರಿಕೆಗೆ ಪ್ರವಾಸದ ಲೇಖನಗಳನ್ನು ಬರೆದರು. 1966ರಲ್ಲಿ ಲೀಕಿ ಉಪನ್ಯಾಸ ನೀಡಲು ಲೂಯಿವಿಲ್‌ಗೆ ಬಂದಾಗ ಡಯಾನ್ ಆ ಲೇಖನಗಳನ್ನು ಹಿಡಿದು ಅವರನ್ನು ಕಂಡರು. ಗೊರಿಲ್ಲಾಗಳ ದೀರ್ಘ ಅಧ್ಯಯನಕ್ಕೆ ತಕ್ಕವರನ್ನು ಹುಡುಕುತ್ತಿದ್ದ ಲೀಕಿ ಅವರಿಗೆ ಈ ಹಟಮಾರಿ ಹೆಂಗಸು ಹಿಡಿಸಿದರು. ಕಾಡಿನಲ್ಲಿ ವೈದ್ಯರು ಸಿಗುವುದಿಲ್ಲ, ಆದ್ದರಿಂದ ಮೊದಲೇ ಅಪೆಂಡಿಕ್ಸ್ ತೆಗೆಸಿಕೊಳ್ಳುವುದು ಒಳ್ಳೆಯದು ಎಂದು ಲೀಕಿ ಸೂಚಿಸಿದರು. ಡಯಾನ್ ನಿಜವಾಗಿಯೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಬಂದ ಲೀಕಿ ಅವರ ಪತ್ರದಿಂದ ತಿಳಿದದ್ದು, ಅದರ ಅಗತ್ಯವೇ ಇರಲಿಲ್ಲ, ಅದು ಛಲದ ಪರೀಕ್ಷೆ ಮಾತ್ರ ಎಂದು! ಪ್ರಾಣಿಶಾಸ್ತ್ರದ ಪದವಿ ಇಲ್ಲದ, ಮೂವತ್ತು ದಾಟಿದ, ಎತ್ತರಕ್ಕೆ ಹೆದರುವ, ಶ್ವಾಸದ ತೊಂದರೆಯೂ ಇದ್ದ ಈ ಮಹಿಳೆ 1966ರ ಡಿಸೆಂಬರ್‌ನಲ್ಲಿ ಮತ್ತೆ ಆಫ್ರಿಕಾಕ್ಕೆ ವಿಮಾನ ಹತ್ತಿದರು.

1967ರ ಆರಂಭದಲ್ಲಿ ಕಬಾರಾದಲ್ಲಿ ಕೆಲಸ ಶುರುವಾಯಿತು. ಆದರೆ ಕಾಂಗೋದಲ್ಲಿ ದಂಗೆ ಎದ್ದಿತು. ಜುಲೈನಲ್ಲಿ ಸೈನಿಕರು ಬಂದು ಅವರನ್ನು ಬೆಟ್ಟದಿಂದ ಇಳಿಸಿ ವಶದಲ್ಲಿಟ್ಟುಕೊಂಡರು. ಅವರು ಅಲ್ಲಿಂದ ಉಪಾಯವಾಗಿ ಉಗಾಂಡಕ್ಕೆ ಪಾರಾದರು. ಬೇರೆ ಯಾರಾದರೂ ಆಗಿದ್ದರೆ ಊರಿನ ದಾರಿ ಹಿಡಿಯುತ್ತಿದ್ದರು. ಡಯಾನ್ ಅದೇ ಪರ್ವತ ಸಾಲಿನ ರುವಾಂಡದ ಬದಿಗೆ ಹೋದರು. 1967ರ ಸೆಪ್ಟೆಂಬರ್ 24ರಂದು ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಜ್ವಾಲಾಮುಖಿಗಳ ನಡುವೆ, ಸುಮಾರು 3000 ಮೀಟರ್ ಎತ್ತರದಲ್ಲಿ, ಎರಡು ಡೇರೆ ಹಾಕಿದರು. ಎರಡೂ ಬೆಟ್ಟಗಳ ಹೆಸರು ಕೂಡಿಸಿ ಆ ಜಾಗಕ್ಕೆ ಕರಿಸೋಕೆ ಎಂದು ಹೆಸರಿಟ್ಟರು.

ಮಳೆ, ಮಂಜು, ಕೆಸರು, ತುರಿಕೆ ಗಿಡಗಳ ನಡುವೆ ಅವರ ಪಾಠ ಆರಂಭವಾಯಿತು. ಗೊರಿಲ್ಲಾಗಳು ಅವರನ್ನು ಕಂಡೊಡನೆ ಓಡುತ್ತಿದ್ದವು. ಡಯಾನ್ ಅವುಗಳ ಹಾಗೆ ನೆಲಕ್ಕೆ ಬೆರಳ ಗೆಣ್ಣು ಊರಿ ನಡೆದರು, ಮೈ ಕೆರೆದುಕೊಂಡರು, ಕಾಡು ಸೆಲರಿ ಗಿಡ ಅಗಿದರು, ಅವುಗಳಂತೆಯೇ ತೃಪ್ತಿಯ ಗೊಗ್ಗರು ಸದ್ದು ಮಾಡಿದರು. ಮೂಗಿನ ಮೇಲಿನ ಗೆರೆಗಳ ಚಿತ್ರ ಬರೆದುಕೊಂಡು ಒಂದೊಂದನ್ನೂ ಗುರುತಿಸಿದರು. 1970ರಲ್ಲಿ ಪೀನಟ್ಸ್ ಎಂದು ಅವರು ಹೆಸರಿಟ್ಟಿದ್ದ ಗಂಡು ಗೊರಿಲ್ಲಾ ತಾನಾಗಿಯೇ ಬಂದು ಅವರ ಕೈ ಮುಟ್ಟಿತು. ಅಲ್ಲಿಯವರೆಗೆ ಸಿನಿಮಾ, ಕಥೆಗಳಲ್ಲಿ ಗೊರಿಲ್ಲಾ ಎಂದರೆ ಎದೆ ಬಡಿದುಕೊಂಡು ಬರುವ ರಾಕ್ಷಸ. ಅದು ಮರಿಗಳನ್ನು ಎದೆಗಪ್ಪಿ ಸಾಕುವ, ಸೊಪ್ಪು ತಿಂದು ಬದುಕುವ, ನಾಚಿಕೆ ಸ್ವಭಾವದ ಪ್ರಾಣಿ ಎಂಬುದು ಡಯಾನ್ ಅವರ ಕೆಲಸದಿಂದ ಲೋಕಕ್ಕೆ ತಿಳಿಯಿತು. ಹಿಂದೆ ವಿಜ್ಞಾನದಲ್ಲಿ ಅನುತ್ತೀರ್ಣರಾಗಿದ್ದವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಆದರೆ ಗೊರಿಲ್ಲಾಗಳ ನೆಲೆ ಕಿರಿದಾಗುತ್ತಲೇ ಇತ್ತು. ಕೀಟನಾಶಕಕ್ಕೆ ಬಳಸುವ ಪೈರೆಥ್ರಮ್ ಹೂವಿನ ಬೇಸಾಯಕ್ಕಾಗಿ 1960ರ ದಶಕದ ಕೊನೆಗೆ ರುವಾಂಡದ ಉದ್ಯಾನದ ದೊಡ್ಡ ಭಾಗವನ್ನೇ ಬಿಟ್ಟುಕೊಡಲಾಯಿತು. 1969ರಲ್ಲಿ ಜರ್ಮನಿಯ ಕಲೋನ್ ನಗರದ ಮೃಗಾಲಯಕ್ಕಾಗಿ ಎರಡು ಮರಿಗಳನ್ನು ಹಿಡಿಯಲಾಯಿತು. ಮರಿಯನ್ನು ಹಿಡಿಯಬೇಕಾದರೆ ಅದನ್ನು ಕಾಯುವ ದೊಡ್ಡ ಗೊರಿಲ್ಲಾಗಳನ್ನು ಕೊಲ್ಲಬೇಕಾಗುತ್ತದೆ. ಸಾಯುವ ಸ್ಥಿತಿಯಲ್ಲಿದ್ದ ಆ ಎರಡು ಮರಿಗಳನ್ನು ಡಯಾನ್ ತಮ್ಮ ಗುಡಿಸಲಿನಲ್ಲಿಟ್ಟು ಆರೈಕೆ ಮಾಡಿ ಬದುಕಿಸಿದರು. ಆದರೂ ಅವನ್ನು ಕಲೋನ್‌ಗೆ ಕಳಿಸಲಾಯಿತು. 1978ರಲ್ಲಿ ಎರಡೂ ಅಲ್ಲಿಯೇ ಸತ್ತವು.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಒಂದು ಬೆರಳು ಊನವಾಗಿದ್ದ ಮರಿಯೊಂದಕ್ಕೆ ಡಯಾನ್ ಡಿಜಿಟ್ ಎಂದು ಹೆಸರಿಟ್ಟಿದ್ದರು. ವರ್ಷಗಳ ಕಾಲ ಅದು ಅವರ ಜೊತೆಗಾರನಂತಿತ್ತು. ರುವಾಂಡದ ಪ್ರವಾಸೋದ್ಯಮ ಇಲಾಖೆ ಡಿಜಿಟ್‌ನ ಫೋಟೋ ಬಳಸಿ ಪ್ರವಾಸಿಗರನ್ನು ಕರೆಯುವ ಪೋಸ್ಟರ್ ಮಾಡಿಸಿತ್ತು. 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಡಿಜಿಟ್‌ನನ್ನು ಈಟಿಯಿಂದ ಇರಿದು ಕೊಂದು, ತಲೆ ಮತ್ತು ಕೈಗಳನ್ನು ಕತ್ತರಿಸಿಕೊಂಡು ಹೋದರು. ತನ್ನ ಗುಂಪು ಪಾರಾಗಲೆಂದು ಡಿಜಿಟ್ ಎದುರು ನಿಂತಿತ್ತು. ಗೋಡೆಗಳ ಮೇಲಿನ ಪೋಸ್ಟರ್‌ನಲ್ಲಿ ಅತಿಥಿಗಳನ್ನು ಕರೆಯುತ್ತಿದ್ದ ಪ್ರಾಣಿಗೆ ಸ್ವಂತ ಕಾಡಿನಲ್ಲೇ ರಕ್ಷಣೆ ಇರಲಿಲ್ಲ.

ಡಯಾನ್ ಡಿಜಿಟ್ ಹೆಸರಿನಲ್ಲಿ ನಿಧಿ ಸ್ಥಾಪಿಸಿದರು. ಅವರ ನಾಲ್ವರು ಆಫ್ರಿಕನ್ ಕಾವಲುಗಾರರು 1979ರ ನಾಲ್ಕೇ ತಿಂಗಳಲ್ಲಿ 987 ಉರುಳುಗಳನ್ನು ಕಿತ್ತುಹಾಕಿದರು. ಇದು ಅವರ ಹೋರಾಟದ ಒಂದು ಮುಖ. ಇನ್ನೊಂದು ಮುಖವನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅವರು ಬೇಟೆಗಾರರನ್ನು ಹಿಡಿದು ಅವಮಾನಿಸಿದರು, ತುರಿಕೆ ಗಿಡದಿಂದ ಹೊಡೆಸಿದರು, ಅವರ ಸಾಮಾನುಗಳನ್ನು ಸುಟ್ಟರು, ಕಾಡಿಗೆ ನುಗ್ಗಿದ ದನಗಳನ್ನು ಹಿಡಿದಿಟ್ಟುಕೊಂಡರು. ಉರುಳು ಹಾಕುತ್ತಿದ್ದ ಬಹುಪಾಲು ಜನ ಬಡವರು. ಅವರಿಗೆ ಬೇಕಿದ್ದದ್ದು ಜಿಂಕೆ ಜಾತಿಯ ಪ್ರಾಣಿಗಳ ಮಾಂಸ. ಗೊರಿಲ್ಲಾಗಳು ಆ ಉರುಳಿಗೆ ಸಿಕ್ಕಿ ಗಾಯಗೊಳ್ಳುತ್ತಿದ್ದವು. ಉದ್ಯಾನದ ಅಂಚಿನವರೆಗೂ ಆಲೂಗಡ್ಡೆ ಬೆಳೆದು ಬದುಕುತ್ತಿದ್ದ ಆ ಜನರಿಗೆ ಕಾಡಿನಿಂದ ಏನೂ ಸಿಗುತ್ತಿರಲಿಲ್ಲ. ಗೊರಿಲ್ಲಾಗಳ ಮುಂದೆ ವರ್ಷಗಟ್ಟಲೆ ಸಹನೆಯಿಂದ ಕಾದ ಡಯಾನ್, ಈ ನೆರೆಯವರ ವಿಷಯದಲ್ಲಿ ಆ ಸಹನೆ ತೋರಲಿಲ್ಲ.

1978ರಲ್ಲಿ ಬಿಲ್ ವೆಬರ್ ಮತ್ತು ಏಮಿ ವೆಡರ್ ಎಂಬ ಯುವ ದಂಪತಿ ಸಂಶೋಧನೆಗಾಗಿ ಕರಿಸೋಕೆಗೆ ಬಂದರು. ಉದ್ಯಾನದ ಇನ್ನೊಂದಷ್ಟು ಭಾಗವನ್ನು ದನ ಸಾಕಣೆಗೆ ಕೊಡುವ ಯೋಜನೆ ಆಗ ಸರ್ಕಾರದ ಮುಂದಿತ್ತು. ಕಾಡು ಉಳಿಯಬೇಕಾದರೆ ಅದರಿಂದ ದೇಶಕ್ಕೂ ಹಳ್ಳಿಗೂ ಆದಾಯ ಬರಬೇಕು ಎಂಬುದು ಈ ದಂಪತಿಯ ವಾದ. 1979ರಲ್ಲಿ ಪರ್ವತ ಗೊರಿಲ್ಲಾ ಯೋಜನೆ ಆರಂಭವಾಯಿತು. ಕೆಲವೇ ಗುಂಪುಗಳನ್ನು ಮನುಷ್ಯರಿಗೆ ಒಗ್ಗಿಸಿ, ಸಣ್ಣ ತಂಡಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದು, ಶಾಲೆಗಳಲ್ಲಿ ತಿಳಿವಳಿಕೆ ಮೂಡಿಸುವುದು, ಕಾವಲು ಬಿಗಿಗೊಳಿಸುವುದು ಅದರ ಕ್ರಮ. ಡಯಾನ್ ಇದನ್ನು ತೀವ್ರವಾಗಿ ವಿರೋಧಿಸಿದರು. ಪ್ರವಾಸಿಗರು ರೋಗ ತರುತ್ತಾರೆ, ಗೊರಿಲ್ಲಾಗಳ ನೆಮ್ಮದಿ ಕೆಡಿಸುತ್ತಾರೆ, ಕಾಡನ್ನು ಮಾರುಕಟ್ಟೆ ಮಾಡುತ್ತಾರೆ ಎಂಬುದು ಅವರ ಆತಂಕ.

1983ರಲ್ಲಿ ಅವರ ಪುಸ್ತಕ ಪ್ರಕಟವಾಗಿ ಹೆಸರು ತಂದಿತು. ಆದರೆ ಶತ್ರುಗಳೂ ಹೆಚ್ಚಿದ್ದರು, ಆರೋಗ್ಯವೂ ಕೆಟ್ಟಿತ್ತು. 1985ರ ಡಿಸೆಂಬರ್ 27ರ ಬೆಳಿಗ್ಗೆ ಅವರು ತಮ್ಮ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿದ್ದರು. ಅವರಿಗೆ ಆಗ 53 ವರ್ಷ. ರುವಾಂಡದ ನ್ಯಾಯಾಲಯ ಅಮೆರಿಕದ ಸಂಶೋಧಕನೊಬ್ಬನನ್ನು ಅವನ ಗೈರುಹಾಜರಿಯಲ್ಲೇ ಅಪರಾಧಿ ಎಂದಿತು. ಅವನು ಅದನ್ನು ನಿರಾಕರಿಸಿದನು. ಅನೇಕರು ಆ ತೀರ್ಪನ್ನು ಒಪ್ಪುವುದಿಲ್ಲ. ಡಯಾನ್ ಅವರನ್ನು ಕರಿಸೋಕೆಯಲ್ಲಿ, ಗೊರಿಲ್ಲಾಗಳಿಗಾಗಿ ಅವರೇ ಮಾಡಿದ್ದ ಸ್ಮಶಾನದಲ್ಲಿ, ಡಿಜಿಟ್‌ನ ಪಕ್ಕದಲ್ಲೇ ಹೂಳಲಾಯಿತು.

1980ರ ದಶಕದ ಆರಂಭದಲ್ಲಿ ವಿರುಂಗ ಪರ್ವತಗಳಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250 ಮಾತ್ರ. 1994ರಲ್ಲಿ ರುವಾಂಡದಲ್ಲಿ ಭೀಕರ ನರಮೇಧ ನಡೆಯಿತು. ಕರಿಸೋಕೆ ನಾಶವಾಯಿತು. ಪಕ್ಕದ ಕಾಂಗೋದ ವಿರುಂಗ ಉದ್ಯಾನದಲ್ಲಿ ದಶಕಗಳಿಂದ 200ಕ್ಕೂ ಹೆಚ್ಚು ವನರಕ್ಷಕರು ಪ್ರಾಣ ತೆತ್ತಿದ್ದಾರೆ. ಇಷ್ಟಾದರೂ 2015–16ರ ಗಣತಿಯಲ್ಲಿ ವಿರುಂಗದಲ್ಲಿ 604 ಗೊರಿಲ್ಲಾಗಳು ಕಂಡುಬಂದವು. ಉಗಾಂಡದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಪರ್ವತ ಗೊರಿಲ್ಲಾಗಳ ಸಂಖ್ಯೆ ಸಾವಿರ ದಾಟಿದೆ. 2018ರಲ್ಲಿ ಅವುಗಳನ್ನು ಅತ್ಯಂತ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ ಪಟ್ಟಿಗೆ ತರಲಾಯಿತು.

ಇದರ ಶ್ರೇಯ ಯಾರಿಗೆ? ಡಯಾನ್ ಕಾವಲು ಕಾಯದಿದ್ದರೆ, ಲೋಕದ ಗಮನ ಸೆಳೆಯದಿದ್ದರೆ, ಪ್ರವಾಸಿಗರು ನೋಡಲು ಗೊರಿಲ್ಲಾಗಳೇ ಉಳಿಯುತ್ತಿರಲಿಲ್ಲವೇನೋ. ಗೊರಿಲ್ಲಾಗಳಿಗೆ ಪಶುವೈದ್ಯರು ಬೇಕೆಂಬ ಅವರ ಕೋರಿಕೆಯೂ ಅವರು ತೀರಿಕೊಂಡ ಮರುವರ್ಷ ಈಡೇರಿತು. ಅವರು ವಿರೋಧಿಸಿದ ಪ್ರವಾಸೋದ್ಯಮ ಬರದಿದ್ದರೆ ಕಾಡು ಹೊಲವಾಗುತ್ತಿತ್ತೇನೋ. ರುವಾಂಡ ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇಕಡಾ 10ರಷ್ಟು ಈಗ ಸುತ್ತಲಿನ ಹಳ್ಳಿಗಳ ಶಾಲೆ, ಆಸ್ಪತ್ರೆ, ನೀರಿನ ವ್ಯವಸ್ಥೆಗಳಿಗೆ ಹೋಗುತ್ತದೆ. ಬೆಟ್ಟದ ಜನರಿಗೆ ಡಯಾನ್ ಕೊಡದೆ ಹೋದ ಪಾಲು ಇದು. ಅದೇ ವೇಳೆ, ಒಂದು ಗಂಟೆಯ ಮಿತಿ, 10 ಮೀಟರ್ ದೂರ, ಬಾಯಿಗೆ ಮಾಸ್ಕ್, ಅನಾರೋಗ್ಯ ಇದ್ದವರಿಗೆ ತಡೆ ಇವೆಲ್ಲವೂ ಅವರ ಆತಂಕ ಸುಳ್ಳಲ್ಲ ಎಂಬುದನ್ನೇ ಒಪ್ಪಿಕೊಳ್ಳುತ್ತವೆ. ಮನುಷ್ಯನ ಸಾಮಾನ್ಯ ನೆಗಡಿಯೂ ಗೊರಿಲ್ಲಾಗೆ ಮಾರಕವಾಗಬಲ್ಲದು.

ವಿದ್ಯಾರ್ಥಿ ಮಿತ್ರರೇ, ಸೃಷ್ಟಿ ನಮ್ಮ ಸ್ವತ್ತಲ್ಲ, ನಮ್ಮ ಕೈಗೆ ಒಪ್ಪಿಸಿದ ಅಮಾನತ್ ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅಮಾನತ್ ಕಾಯುವವನು ಪ್ರಾಣಿಗೂ ದ್ರೋಹ ಮಾಡಬಾರದು, ಅದರ ಪಕ್ಕದಲ್ಲಿ ಬದುಕುವ ಬಡವನಿಗೂ ಅನ್ಯಾಯ ಮಾಡಬಾರದು. ಡಯಾನ್ ಮೊದಲನೆಯದನ್ನು ಪ್ರಾಣ ಕೊಟ್ಟು ಪಾಲಿಸಿದರು. ಎರಡನೆಯದನ್ನು ಅವರ ನಂತರ ಬಂದವರು ಕೈಗೆತ್ತಿಕೊಂಡರು. ಮುಂದೆ ನಾವು ಯಾವ ಕಾಡಿಗೆ ಹೋದರೂ ಸೆಲ್ಫಿ ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ: ನಾನು ಎಷ್ಟು ದೂರ ನಿಲ್ಲಬೇಕು? ನಾನು ಕೊಟ್ಟ ಹಣದಲ್ಲಿ ಇಲ್ಲಿಯ ಜನರಿಗೆ ಎಷ್ಟು ತಲುಪುತ್ತದೆ?