ಆಸ್ಕರ್ ವೈಲ್ಡ್ ಪ್ರಾಣ ತೆಗೆದದ್ದು ಸಿಫಿಲಿಸ್ಸೇ? ಅಲ್ಲ, ಸೋರುತ್ತಿದ್ದ ಕಿವಿ!

ಪ್ರಸಿದ್ಧ ಐರಿಷ್ ಸಾಹಿತಿ ಆಸ್ಕರ್ ವೈಲ್ಡ್ ಸತ್ತದ್ದು ಸಿಫಿಲಿಸ್ ಎಂಬ ಲೈಂಗಿಕ ರೋಗದಿಂದ ಎಂದು ನೀವು ಎಲ್ಲಾದರೂ ಓದಿರಬಹುದು. ಅವರ ಜೀವನಚರಿತ್ರೆಗಳಲ್ಲೂ ಈ ಮಾತು ಅಚ್ಚಾಗಿದೆ. ಆದರೆ ಕೊನೆಗಾಲದಲ್ಲಿ ಅವರಿಗೆ ಚಿಕಿತ್ಸೆ ನೀಡಿದ ವೈದ್ಯರು ಬರೆದಿಟ್ಟದ್ದು ಬೇರೆಯೇ.

ಅಪ್ಪನೇ ಕಿವಿಯ ಡಾಕ್ಟರು

ವೈಲ್ಡ್ ಹುಟ್ಟಿದ್ದು 1854ರಲ್ಲಿ, ಡಬ್ಲಿನ್ ನಗರದಲ್ಲಿ. ತಂದೆ ವಿಲಿಯಂ ವೈಲ್ಡ್ ಆ ಕಾಲದ ಹೆಸರಾಂತ ಕಣ್ಣು-ಕಿವಿ ಶಸ್ತ್ರಚಿಕಿತ್ಸಕರು. 1844ರಲ್ಲಿ ಅವರು ಸೇಂಟ್ ಮಾರ್ಕ್ಸ್ ಎಂಬ ಕಣ್ಣು-ಕಿವಿ ಆಸ್ಪತ್ರೆ ತೆರೆದರು. 1853ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಪುಸ್ತಕವನ್ನೇ ಬರೆದರು. ಕಿವಿಯ ಹಿಂದಿರುವ ಮಾಸ್ಟಾಯ್ಡ್ ಎಲುಬಿನಲ್ಲಿ ಕೀವು ತುಂಬಿದಾಗ ಅಲ್ಲಿ ಕೊಯ್ದು ಕೀವು ಹೊರಹಾಕುವ ವಿಧಾನಕ್ಕೆ ಇಂದಿಗೂ ಅವರದೇ ಹೆಸರಿದೆ. ಸೋರುವ ಕಿವಿ ಯಾವ ಅಪಾಯಕ್ಕೆ ತಿರುಗುತ್ತದೋ ಹೇಳಲಾಗದು ಎಂದು ವೈದ್ಯರನ್ನು ಎಚ್ಚರಿಸಿದವರೂ ಅವರೇ. 1876ರಲ್ಲಿ ಅವರು ತೀರಿಕೊಂಡರು. ಆ ಎಚ್ಚರಿಕೆ ಮಗನ ವಿಷಯದಲ್ಲೇ ನಿಜವಾಯಿತು.

ಜೈಲಿನಲ್ಲಿ ಕೆಟ್ಟ ಕಿವಿ

1895ರ ಫೆಬ್ರವರಿಯಲ್ಲಿ ಲಂಡನ್‌ನ ರಂಗಮಂದಿರದಲ್ಲಿ ವೈಲ್ಡ್ ನಾಟಕಕ್ಕೆ ಭರ್ಜರಿ ಚಪ್ಪಾಳೆ ಬಿದ್ದಿತ್ತು. ಮೇ ತಿಂಗಳಲ್ಲಿ ಸಲಿಂಗ ಸಂಬಂಧದ ಆರೋಪದಲ್ಲಿ ಎರಡು ವರ್ಷಗಳ ಕಠಿಣ ಶಿಕ್ಷೆಯಾಯಿತು. ಜೈಲಿನ ಪ್ರಾರ್ಥನಾ ಮಂದಿರದಲ್ಲಿ ಕುಸಿದು ಬಿದ್ದಾಗ ಅವರ ಬಲಗಿವಿಗೆ ಪೆಟ್ಟಾಯಿತು. 1896ರ ಜುಲೈನಲ್ಲಿ ಅವರು ಸರ್ಕಾರಕ್ಕೆ ಮನವಿ ಬರೆದರು: ಕೀವಾಗಿ ಕಿವಿಯ ತಮಟೆ ತೂತಾಗಿದೆ, ಬಲಗಿವಿ ಬಹುತೇಕ ಕೇಳಿಸುತ್ತಿಲ್ಲ, ಜೈಲಿನ ವೈದ್ಯರು ಏನೂ ಮಾಡಲಾಗದು ಎನ್ನುತ್ತಿದ್ದಾರೆ ಎಂಬುದು ಅವರ ದೂರು. ಬಿಡುಗಡೆಯಾದದ್ದು 1897ರ ಮೇ ತಿಂಗಳಲ್ಲಿ.

ಹೋಟೆಲ್ ಕೋಣೆಯಲ್ಲಿ ಆಪರೇಷನ್

ಕೈಯಲ್ಲಿ ಕಾಸಿಲ್ಲದೆ ವೈಲ್ಡ್ ಪ್ಯಾರಿಸ್‌ನ ಒಂದು ಸಾಧಾರಣ ಹೋಟೆಲ್‌ನಲ್ಲಿ ಉಳಿದಿದ್ದರು. 1900ರ ಅಕ್ಟೋಬರ್ 10ರಂದು ಅದೇ ಹೋಟೆಲ್ ಕೋಣೆಯಲ್ಲಿ ಅವರ ಕಿವಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ಸೋಂಕು ನಿಲ್ಲಲಿಲ್ಲ. ತಲೆನೋವು ಹೆಚ್ಚಿತು, ಮಾತು ತೊದಲಿತು, ಪ್ರಜ್ಞೆ ತಪ್ಪತೊಡಗಿತು. ನವೆಂಬರ್ 30ರಂದು, 46ನೇ ವಯಸ್ಸಿನಲ್ಲಿ ಪ್ರಾಣ ಹೋಯಿತು. ಸಾವಿಗೆ ಮೂರು ದಿನ ಮುನ್ನ ವೈದ್ಯರು ಸಹಿ ಹಾಕಿದ ವರದಿಯಲ್ಲಿ ಬಲಗಿವಿಯ ಹಳೆಯ ಸೋಂಕೇ ಮಿದುಳಿಗೆ ಹಬ್ಬಿದೆ ಎಂದಿತ್ತು. ಪೆನಿಸಿಲಿನ್ ಪತ್ತೆಯಾಗಲು ಇನ್ನೂ 28 ವರ್ಷ ಬಾಕಿ ಇತ್ತು.

ಹಾಗಾದರೆ ರೋಗ ಯಾವುದು?

2000ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ವೈದ್ಯರು ಈ ದಾಖಲೆಗಳನ್ನು ಪರಿಶೀಲಿಸಿ, ಸಿಫಿಲಿಸ್ ವಾದಕ್ಕೆ ಆಧಾರವಿಲ್ಲ ಎಂದರು. ವೈಲ್ಡ್‌ಗೆ ಇದ್ದದ್ದು ಕೊಲೆಸ್ಟಿಯಟೋಮಾ ಇರಬೇಕು ಎಂಬುದು ಅವರ ಅಭಿಪ್ರಾಯ.

ಇದು ಕ್ಯಾನ್ಸರ್ ಅಲ್ಲ. ತಮಟೆಯ ಹಿಂದೆ, ಚರ್ಮ ಇರಬಾರದ ಜಾಗದಲ್ಲಿ ಚರ್ಮ ಬೆಳೆದು ಗಂಟಾಗುತ್ತದೆ. ಅದು ಮೊದಲು ಕೇಳಿಸಲು ನೆರವಾಗುವ ಪುಟ್ಟ ಮೂಳೆಗಳನ್ನು ಸವೆಸುತ್ತದೆ, ಆಮೇಲೆ ಕಿವಿಗೂ ಮಿದುಳಿಗೂ ನಡುವಿನ ತೆಳು ಎಲುಬನ್ನು. ನೋವು ಇಲ್ಲದೆಯೂ ಇದು ವರ್ಷಗಟ್ಟಲೆ ಬೆಳೆಯಬಹುದು. ದುರ್ವಾಸನೆಯ ಸೋರಿಕೆ ಮತ್ತು ಕಿವಿ ಮಂದವಾಗುವುದು ಇದರ ಮುಖ್ಯ ಗುರುತು.

ನಾವು ತಿಳಿಯಬೇಕಾದದ್ದು

ಔಷಧಿಯ ಹನಿ ಹಾಕಿದರೆ ಸೋರಿಕೆ ಕೆಲಕಾಲ ನಿಲ್ಲಬಹುದು, ಗಂಟು ಹೋಗುವುದಿಲ್ಲ. ಅದನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕು. ಇಂದು ಅರಿವಳಿಕೆ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಇದನ್ನು ಮಾಡುತ್ತಾರೆ. ಎಷ್ಟೋ ಜನರಿಗೆ ತಮಟೆಯನ್ನೂ ಸವೆದ ಮೂಳೆಗಳನ್ನೂ ಸರಿಪಡಿಸಿ ಕೇಳುವಿಕೆಯನ್ನು ಉತ್ತಮಪಡಿಸಲು ಸಾಧ್ಯ.

ಸೋರುವ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಬಿಡಬೇಡಿ. ದೊಡ್ಡವರಾದರೆ ತಾನೇ ನಿಲ್ಲುತ್ತದೆ ಎಂದು ಮಕ್ಕಳನ್ನು ಕಾಯಿಸಬೇಡಿ. ಇಎನ್‌ಟಿ ವೈದ್ಯರಿಗೆ ತೋರಿಸಿ. ಸೋರುವ ಕಿವಿಯ ಜೊತೆ ಜ್ವರ, ವಿಪರೀತ ತಲೆನೋವು, ತಲೆಸುತ್ತು, ಮುಖ ಸೊಟ್ಟಗಾಗುವುದು ಅಥವಾ ಕಿವಿಯ ಹಿಂದೆ ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿವಿ ಸೋರುತ್ತಿದ್ದರೆ, ಈ ಲೇಖನವನ್ನು ಮೊದಲು ಅವರಿಗೆ ಫಾರ್ವರ್ಡ್ ಮಾಡಿ.